ಹುಲಿಕಲ್ ಕೋಣೆಯಲ್ಲಿ ಹಪ್ಪಳ ಬದಲಾದ ವಿಚಾರ

ನನ್ನ ಹೆಸರು ವಿಶಾಲಮ್ಮ ಕೋಂ ಲೇಟ್ ಮಂಜುನಾಥಪ್ಪ, ವಯಸ್ಸು 68 ವರ್ಷ, ಕಸುಬು ವ್ಯವಸಾಯ, ವಿದ್ಯಾಭ್ಯಾಸ ಎಸ್.ಎಸ್.ಎಲ್.ಸಿ. ತೇರ್ಗಡೆ, ವಾಸ ಕೋಣಂದೂರು, ತೀರ್ಥಹಳ್ಳಿ ತಾಲ್ಲೂಕು. ನಮ್ಮ ಮಾವನವರು ಗೇಣಿದಾರರಾಗಿದ್ದರು. ಆ ಜಮೀನು ಈಗ ನಮ್ಮದು, ಪಹಣಿಯಲ್ಲಿ ನನ್ನ ಹೆಸರಿದೆ. ಹನ್ನೆರಡು ವರ್ಷ ಹಾಲು ಉತ್ಪಾದಕರ ಸಂಘದ ಅಧ್ಯಕ್ಷೆಯಾಗಿದ್ದೆ. ಆ ಅವಧಿಯಲ್ಲಿ ನೀರು ಬೆರೆಸಿದ ಹಾಲು ತಂದವರು ಕ್ಯಾನನ್ನು ಹಾಗೇ ಮನೆಗೆ ಹೊತ್ತುಕೊಂಡು ಹೋಗಿದ್ದಾರೆ. ಇದಕ್ಕೆ ಮೊದಲು ನಾನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ. ಇಂದು ಎರಡು ಸಲ ಹತ್ತಿದ್ದೇನೆ. ಬೆಳಿಗ್ಗೆ 10 ಗಂಟೆ 50 ನಿಮಿಷಕ್ಕೆ ನಾನೇ ಬರೆದು ಕೊಟ್ಟ ದೂರಿನ ಸಂಬಂಧ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮೊಮ್ಮಗಳು ರಕ್ಷಾ, 22 ವರ್ಷ, ತೀರ್ಥಹಳ್ಳಿಯ ಖಾಸಗಿ ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದು, ನನ್ನ ಜೊತೆಯಲ್ಲಿ ವಾಸವಿದ್ದಾಳೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸವಿದೆ. ಬೂಷ್ಟು ಹಿಡಿದ ಕೋಣೆಯಲ್ಲಿ ಮಲಗಿದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಅವಳ ಒಂಬತ್ತನೆಯ ವಯಸ್ಸಿನಲ್ಲಿ ಸಾಗರದಲ್ಲಿ ಒಂದು ಮದುವೆಗೆ ಹೋಗಿ ಛತ್ರದ ಕೋಣೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ 6 ಗಂಟೆಗೆ ಎಬ್ಬಿಸಲು ಹೋದಾಗ ಅವಳ ತುಟಿ ನೀಲಿಯಾಗಿತ್ತು. ಆಸ್ಪತ್ರೆ 700 ಮೀಟರ್ ದೂರದಲ್ಲಿತ್ತು. ಆಟೋಗೆ ಕಾಯದೆ ಎತ್ತಿಕೊಂಡು ನಡೆದೆ. ಆಗ ಅವಳ ತೂಕ 21 ಕಿಲೋ ಇತ್ತು.

ಇದೇ ತಿಂಗಳ 23ರ ಭಾನುವಾರ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಮೀನು ನೋಡುವ ಪ್ರವಾಸಕ್ಕೆ ರಕ್ಷಾ ಹೆಸರು ಕೊಟ್ಟಿದ್ದಳು. ಶನಿವಾರ ಆಳವಿಲ್ಲದ ನೀರಿನಲ್ಲಿ ಅಭ್ಯಾಸ, ಭಾನುವಾರ ಸಮುದ್ರ. ದಂಡೆಯ ವಸತಿಗಳೆಲ್ಲ ಭರ್ತಿಯಾಗಿದ್ದರಿಂದ, ಘಟ್ಟದ ಮೇಲೆ ಉಳಿಯುವವರನ್ನು ಬೆಳಿಗ್ಗೆ ವ್ಯಾನಿನಲ್ಲಿ ಕರೆದೊಯ್ಯುವುದಾಗಿ ಕಂಪನಿಯವರು ತಿಳಿಸಿದ್ದರು. ನಮ್ಮ ಡಾಕ್ಟರು, ಎದೆ ಸ್ವಚ್ಛವಿದ್ದರೆ ಅಡ್ಡಿಯಿಲ್ಲ, ಆದರೆ ಥಂಡಿ ಕೋಣೆ ಮಾತ್ರ ಸೇರಬಾರದು, ನೀರಿನೊಳಗೆ ಉಬ್ಬಸ ಬಂದರೆ ಮೇಲೆ ಬರುವಷ್ಟು ಹೊತ್ತು ಸಿಗುವುದಿಲ್ಲ ಎಂದು ಹೇಳಿದರು. ಆದ್ದರಿಂದ ಕೋಣೆಯನ್ನು ನಾನೇ ನೋಡಿ ಒಪ್ಪಬೇಕು, ಒಪ್ಪದಿದ್ದರೆ ಪ್ರವಾಸವಿಲ್ಲ ಎಂದು ನಾನು ಷರತ್ತು ಹಾಕಿದೆ. ರಕ್ಷಾ ಒಪ್ಪಿದಳು.

ನಾನು ಕೋಣೆಯನ್ನು ನೋಡುವ ಕ್ರಮ ಹೀಗಿದೆ. ಕನ್ನಡಿಯ ಹಿಂದೆ, ಕ್ಯಾಲೆಂಡರಿನ ಹಿಂದೆ, ಹಾಸಿಗೆಯ ಅಡಿಯಲ್ಲಿ ಕೈಯಾಡಿಸುತ್ತೇನೆ. ನಂತರ ನಮ್ಮ ಮನೆಯಲ್ಲಿ ಮಾಡಿದ ಹಲಸಿನ ಹಪ್ಪಳ ಒಂದನ್ನು ಕಾಗದದ ಮೇಲಿಟ್ಟು ಮಂಚದ ಕೆಳಗೆ ಸರಿಸಿ, ಬಾಗಿಲು ಹಾಕಿ, ಒಂದು ಗಂಟೆ ಬಿಡುತ್ತೇನೆ. ಒಣ ಕೋಣೆಯಾದರೆ ಹಪ್ಪಳ ಟಕ್ಕೆಂದು ಮುರಿಯುತ್ತದೆ. ಥಂಡಿ ಇದ್ದರೆ ಬಾಗುತ್ತದೆ. ಬಾಯಿಂದ ಬೇಕಾದ್ದು ಹೇಳುವವರಿದ್ದಾರೆ, ಹಪ್ಪಳ ಹೇಳುವುದಿಲ್ಲ.

ದಿನಾಂಕ 19ರ ಬುಧವಾರ ಸಾಗರದಲ್ಲಿ ಎರಡು, ಅಲ್ಲಿಂದ ಸುಮಾರು 30 ಕಿ.ಮೀ. ದೂರದ ಜೋಗದಲ್ಲಿ ಒಂದು ವಸತಿ ನೋಡಿದೆವು. ಸಾಗರದ ಮೊದಲನೆಯದರಲ್ಲಿ ಮಂಚದ ತಲೆಯ ಕಡೆ ಎರಡು ಅಡಿ ಜಾಗಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರು. ಏಕೆಂದು ಕೇಳಿದ್ದಕ್ಕೆ ಮ್ಯಾನೇಜರು ವಾಸ್ತು ಎಂದರು. ಎರಡನೆಯದರಲ್ಲಿ ಊದುಬತ್ತಿ ನಾಲ್ಕು ಒಟ್ಟಿಗೆ ಹಚ್ಚಿದ್ದರು. ನಾಲ್ಕು ಊದುಬತ್ತಿ ಹಚ್ಚುವವರು ಯಾವುದೋ ವಾಸನೆ ಮುಚ್ಚುತ್ತಿದ್ದಾರೆ. ಜೋಗದಲ್ಲಿ ಹಪ್ಪಳ 40 ನಿಮಿಷಕ್ಕೇ ಬಾಗಿತು. ದಿನಾಂಕ 20ರಂದು ಹೊಸನಗರದಲ್ಲಿ ನೋಡಿದ ಕೋಣೆಯನ್ನೂ ಬೇಡವೆಂದೆ. ಕಾರಿನಲ್ಲಿ ರಕ್ಷಾ, "ಅಜ್ಜಿ, ಮಲ್ನಾಡಲ್ಲಿ ಒಣಗಿರೋದು ನೀವೊಬ್ರೇ" ಎಂದಳು. ಚಾಲಕ ದುರ್ಗೇಶ್ ನಕ್ಕನು. ನಾನು ಅವನ ಕಡೆ ನೋಡಿದ ಮೇಲೆ ನಿಲ್ಲಿಸಿದನು.

ಇಂದು ದಿನಾಂಕ 21ರ ಶುಕ್ರವಾರ ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಕೋಣಂದೂರು ಬಿಟ್ಟು, 8 ಗಂಟೆಗೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಕಾಫಿಗೆ ನಿಂತೆವು. ನೀರಿನ ಬಾಟಲಿ ತರುತ್ತೇನೆಂದು ರಕ್ಷಾ ಹೋಗಿ ಏಳೆಂಟು ನಿಮಿಷದಲ್ಲಿ ಬಂದಳು. 8 ಗಂಟೆ 35 ನಿಮಿಷಕ್ಕೆ ಹುಲಿಕಲ್ಲಿನ ಹತ್ತಿರ ರಾಜೇಂದ್ರ, 45 ವರ್ಷ, ಎಂಬುವರ ಹೋಂಸ್ಟೇ ತಲುಪಿದೆವು. ಕೋಣೆ ಒಣಗಿದೆಯೇ ಎಂದು ಕೇಳಿದ್ದಕ್ಕೆ ರಾಜೇಂದ್ರ ಅವರು, "ಕಡ್ಡಿಪೆಟ್ಟಿಗೆ ಇಟ್ರೆ ತಾನೇ ಹತ್ಕೊಳ್ತದೆ ಅಮ್ಮ, ಅಷ್ಟು ಒಣ" ಎಂದರು. ಯಾರಾದರೂ ಅಷ್ಟು ಹೇಳಿದರೆ ನಾನು ಎರಡು ಸಲ ನೋಡುತ್ತೇನೆ. ಮರದ ಬೀರುವನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದ್ದರು. ಅದನ್ನು ಸರಿಸಿರೆಂದೆ. ತುಂಬಾ ಭಾರ, ನಾಲ್ಕು ಜನ ಬೇಕು ಎಂದರು. ಅಷ್ಟರಲ್ಲಿ ರಕ್ಷಾ ಕೋಣೆಗೆ ಸೇರಿದ ಬಚ್ಚಲುಮನೆ ನೋಡಿ ಬಂದಳು.

8 ಗಂಟೆ 50 ನಿಮಿಷಕ್ಕೆ ಹಪ್ಪಳ ಇಟ್ಟು, ಬೀಗ ಹಾಕಿ, ಕೀ ನನ್ನ ಬಳಿ ಇಟ್ಟುಕೊಂಡೆ. ಇನ್ನೊಂದು ಕೀ ರಾಜೇಂದ್ರ ಅವರ ಬಳಿ ಇತ್ತು. ನಾನು ಬಾಗಿಲಿನಿಂದ 12 ಅಡಿ ದೂರದ ಜಗಲಿಯಲ್ಲಿ ಕುಳಿತೆ. ಅಲ್ಲಿಂದ ಬಾಗಿಲು ಕಾಣುವುದಿಲ್ಲ, ಕೂರಲು ಬೇರೆ ಜಾಗವಿರಲಿಲ್ಲ. 9 ಗಂಟೆ 15ರಿಂದ ಸುಮಾರು ಕಾಲು ಗಂಟೆ ರಾಜೇಂದ್ರ ಅವರು ಕಣ್ಣಿಗೆ ಬೀಳಲಿಲ್ಲ. ಹಾಲಿಗೆ ಹೋಗಿದ್ದೆ ಎಂದರು. ಕೈಯಲ್ಲಿ ಹಾಲಿರಲಿಲ್ಲ. 9 ಗಂಟೆ 35ಕ್ಕೆ ರಕ್ಷಾ, ಫೋನಿಗೆ ಸಿಗ್ನಲ್ ಸಿಗುತ್ತಿಲ್ಲವೆಂದು ಮನೆಯ ಹಿಂದೆ ಹೋಗಿ ಬಂದಳು.

9 ಗಂಟೆ 50 ನಿಮಿಷಕ್ಕೆ ಬಾಗಿಲು ತೆಗೆದು ಹಪ್ಪಳ ಮುರಿದೆ. ಟಕ್ಕೆಂದಿತು. "ಅಜ್ಜಿ, ಪಾಸು!" ಎಂದು ರಕ್ಷಾ ನನ್ನನ್ನು ತಬ್ಬಿಕೊಂಡಳು. ಹಾಗೆ ತಬ್ಬಿಕೊಳ್ಳದೆ ಮೂರು ನಾಲ್ಕು ವರ್ಷವಾಗಿತ್ತು. ನಾನೂ ಒಪ್ಪಿದೆನೆಂದೇ ಹೇಳಬೇಕೆಂದಿದ್ದೆ. ಆದರೆ ಕೈಯಲ್ಲಿದ್ದ ತುಂಡನ್ನು ಬೆಳಕಿಗೆ ಹಿಡಿದಾಗ ಅದರಲ್ಲಿ ಜೀರಿಗೆ ಕಂಡಿತು. ನಾನು ಹಲಸಿನ ಹಪ್ಪಳಕ್ಕೆ ಎಳ್ಳು ಹಾಕುತ್ತೇನೆ. ನಲವತ್ತೈದು ವರ್ಷದಲ್ಲಿ ಒಂದು ಸಲವೂ ಜೀರಿಗೆ ಹಾಕಿದವಳಲ್ಲ. ಅಂಚು ಸಹ ಅಚ್ಚಿನಲ್ಲಿ ಕತ್ತರಿಸಿದಂತೆ ಗುಂಡಗಿತ್ತು.

ಬೀಗ ಹಾಕಿದ ಕೋಣೆಗೆ ಯಾರೋ ಹೋಗಿ ಹಪ್ಪಳ ಬದಲಿಸಿದ್ದಾರೆ, ಇನ್ನೊಂದು ಕೀ ಇರುವುದು ರಾಜೇಂದ್ರ ಅವರ ಬಳಿ ಎಂದು ಅವರ ಮುಖದ ಮೇಲೇ ಹೇಳಿದೆ. ಅವರು, "ಎಂಥ ಮಾರಾಯ್ರೆ! ಹಪ್ಪಳ ಕದಿಯೋ ಗತಿ ಬಂದಿಲ್ಲ ನಂಗೆ" ಎಂದು ಜೋರು ಮಾಡಿದರು. ಜೋರು ಮಾಡಿದ್ದರಿಂದ ನನ್ನ ಅನುಮಾನ ಹೆಚ್ಚಾಯಿತು. ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕಾರು ಹತ್ತಿದೆ. ದಾರಿಯಲ್ಲಿ ರಕ್ಷಾ, "ಬಿಡಿ ಅಜ್ಜಿ, ಹಪ್ಪಳಕ್ಕೆಲ್ಲ ಪೊಲೀಸಾ? ಜನ ನಗ್ತಾರೆ" ಎಂದು ಮೂರು ಸಲ ಹೇಳಿದಳು. ನಂತರ ಕಾರಿನ ಹಾಡಿನ ಸದ್ದು ಜಾಸ್ತಿ ಮಾಡಿಸಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು.

10 ಗಂಟೆ 50ಕ್ಕೆ ನಗರ ಠಾಣೆಯಲ್ಲಿ ದೂರು ಕೊಟ್ಟೆ. ಎ.ಎಸ್.ಐ. ಬೆಳ್ಳಪ್ಪ ಅವರು ಓದಿ, ಹಪ್ಪಳಕ್ಕೆ ಯಾವ ಸೆಕ್ಷನ್ ಹಾಕಲಿ ಅಮ್ಮ ಎಂದು ಕೇಳಿದರು. ಹಪ್ಪಳಕ್ಕಲ್ಲ, ಆ ಹಪ್ಪಳ ನಂಬಿ ನಾಳಿದ್ದು ಸಮುದ್ರಕ್ಕೆ ಇಳಿಯುವವಳ ಉಸಿರಿಗೆ ಹಾಕಿ ಎಂದು ನಾನು ಹೇಳಿದೆ. ಅವರು ನಗು ನಿಲ್ಲಿಸಿ ರಾಜೇಂದ್ರ ಅವರನ್ನು ಕರೆಸಿದರು. ರಾಜೇಂದ್ರ ಅವರು 12 ಗಂಟೆಯಿಂದ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಅವರ ಹೆಂಡತಿ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದರು. ಒಳಗೆ ಬನ್ನಿರೆಂದು ನಾನು ಕರೆಯಲಿಲ್ಲ.

ರಾಜೇಂದ್ರ ಅವರು ಆ ಹಪ್ಪಳ ಎಲ್ಲಿಂದ ತಂದರೆಂದು ತೋರಿಸಿದರೆ ಮುಂದುವರಿಯಬಹುದು ಎಂದು ಬೆಳ್ಳಪ್ಪ ಅವರು ಹೇಳಿದ್ದರಿಂದ, 1 ಗಂಟೆ 15ಕ್ಕೆ ನಾನು ಅಂಗಡಿ ಅಂಗಡಿ ವಿಚಾರಿಸಲು ಹೊರಟೆ. ಕಾರಿನಲ್ಲೇ ಇರೆಂದರೂ ಕೇಳದೆ ರಕ್ಷಾ ಹಿಂದೆ ಬಂದಳು. ಮೂರನೆಯ ಅಂಗಡಿ, ಬಸ್ ನಿಲ್ದಾಣದಿಂದ ಸುಮಾರು 200 ಮೀಟರ್, ಶೇಷಮ್ಮ ಎಂಬುವರದು. ತುಂಡು ನೋಡಿದ ಕೂಡಲೇ ಶೇಷಮ್ಮ, "ಇದು ನಮ್ದೇ. ಬೆಳಿಗ್ಗೆ ಒಂದು ಪ್ಯಾಕೆಟ್ ಹೋಯ್ತಲ್ಲ" ಎಂದರು. ತೆಗೆದುಕೊಂಡವರು ಹುಲಿಕಲ್ಲಿನ ರಾಜೇಂದ್ರ ತಾನೇ ಎಂದು ಕೇಳಿದೆ. "ಯಾವ ರಾಜೇಂದ್ರ? ಪ್ಯಾಕೆಟ್ ಒಡೆದು ಒಂದೇ ತಗಂಡ್ರು, ಉಳಿದದ್ದು ನೀವೇ ಕರಿದು ತಿನ್ನಿ ಅಂತ ಇಲ್ಲೇ ಬಿಟ್ರು. ನಂಗೂ ವಿಚಿತ್ರ ಅನ್ನಿಸ್ತು" ಎಂದರು. ಯಾರು ಎಂದು ಕೇಳಿದೆ. "ನಿಮ್ ಹಿಂದೆ ನಿಂತಿದಾರಲ್ಲ, ಅವ್ರೇ" ಎಂದರು.

ನಾನು ಹಿಂದೆ ತಿರುಗಲು ಸ್ವಲ್ಪ ಹೊತ್ತಾಯಿತು. ಎಷ್ಟು ನಿಮಿಷವೆಂದು ಗಡಿಯಾರ ನೋಡಲಿಲ್ಲ.

ಕೇಳಿದ್ದಕ್ಕೆ ರಕ್ಷಾ, ಬಚ್ಚಲುಮನೆಯ ಹಿಂಬಾಗಿಲಿನ ಚಿಲಕವನ್ನು ಕೋಣೆ ನೋಡುವಾಗಲೇ ತೆಗೆದಿಟ್ಟಿದ್ದಾಗಿ, 9 ಗಂಟೆ 35ಕ್ಕೆ ಅಲ್ಲಿಂದ ಒಳಗೆ ಹೋಗಿ ಬದಲಿಸಿದ್ದಾಗಿ ತಿಳಿಸಿದಳು. ಚೀಲದಿಂದ ನನ್ನ ಹಪ್ಪಳ ತೆಗೆದು ಕೊಟ್ಟಳು. ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಯಾಕೆ ಮಾಡಿದೆ ಎಂದಾಗ, "ನಾಲ್ಕು ರೂಮ್ ಬೇಡ ಅಂದ್ರಿ. ಇದೂ ಬೇಡ ಅಂತಿದ್ರಿ. ಸಣ್ಣೋಳಿದ್ದಾಗಿಂದ ಹಿಂಗೇ ಆಗಿದೆ. ಟ್ರಿಪ್ ಬೇಡ, ಹಾಸ್ಟೆಲ್ ಬೇಡ. ಒಂದು ಸಲ ನನ್ನ ಪಾಡಿಗೆ ನನ್ನ ಬಿಡಿ ಅಜ್ಜಿ" ಎಂದಳು. ಮಾತಿನ ನಡುವೆ ಎರಡು ಸಲ ಕೆಮ್ಮಿದಳು. ನಾನು ಅವಳ ಬೆನ್ನಿಗೆ ಕಿವಿ ಇಟ್ಟೆ. ಅಂಗಡಿಯ ಮುಂದೆ ಬೇಡ ಎಂದು ತಪ್ಪಿಸಿಕೊಳ್ಳಲು ನೋಡಿದಳು. ಒಳಗೆ ಸಿಳ್ಳೆ ಸಣ್ಣಗೆ ಕೇಳುತ್ತಿತ್ತು. ಕಾರಿನಲ್ಲಿ ಹಾಡು ಜೋರು ಮಾಡಿಸಿದ್ದು ಏಕೆಂದು ಆಗ ತಿಳಿಯಿತು. ಉಬ್ಬಸದ ಔಷಧಿಯ ಪಂಪನ್ನು ಎರಡು ಸಲ ಎಳೆಸಿ, ಶೇಷಮ್ಮನವರ ಸ್ಟೂಲಿನ ಮೇಲೆ 20 ನಿಮಿಷ ಕೂರಿಸಿದೆ. ಸಿಳ್ಳೆ ಕಡಿಮೆಯಾಯಿತು.

ಹಪ್ಪಳ ಬದಲಿಸಿದವಳು ಇನ್ನೇನು ಬದಲಿಸಿದ್ದಾಳೋ ಎಂಬ ಅನುಮಾನ ನನಗೆ ಅಲ್ಲಿಯೇ ಬಂತು. ಕಂಪನಿಗೆ ಬರೆದುಕೊಟ್ಟ ಕಾಗದವನ್ನು ಫೋನಿನಲ್ಲಿ ತೋರಿಸೆಂದೆ. ಇಂಗ್ಲಿಷಿನಲ್ಲಿತ್ತು. ಅವಳು ಓದಿ ಹೇಳಿದ್ದನ್ನು ನಂಬದೆ, 2 ಗಂಟೆ 40ಕ್ಕೆ ಠಾಣೆಗೆ ಬಂದು ಮಹಿಳಾ ಕಾನ್‌ಸ್ಟೇಬಲ್ ಆಶಾ ಅವರಿಂದ ಓದಿಸಿದೆ. ಉಬ್ಬಸ ಯಾವಾಗಲಾದರೂ ಬಂದಿದೆಯೇ ಎಂಬಲ್ಲಿ ಇಲ್ಲ ಎಂದು ಗುರುತು ಹಾಕಿತ್ತು. ಕೆಳಗೆ ರಕ್ಷಾಳ ರುಜು ಇತ್ತು. ಅಂದವಾದ ರುಜು. ನಾನೇ ಸ್ಲೇಟಿನಲ್ಲಿ ಕಲಿಸಿದ ಅಕ್ಷರ.

3 ಗಂಟೆ 10ಕ್ಕೆ ರಾಜೇಂದ್ರ ಅವರ ಮುಂದೆ ಹೋಗಿ, ಎರಡೂ ಕೈ ಮುಗಿದು, ತಪ್ಪು ನಮ್ಮ ಮನೆಯದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆ ಹೊತ್ತಿನಲ್ಲಿ ಠಾಣೆಯಲ್ಲಿ ಏಳು ಜನರಿದ್ದರು. ಅವರ ಹೆಂಡತಿಗೆ ಗೇಟಿನ ಬಳಿ ಹೋಗಿ ಬೇರೆಯಾಗಿ ಹೇಳಿದೆ. ರಾಜೇಂದ್ರ ಅವರು, "ಹೋಗ್ಲಿ ಬಿಡಿ ಅಮ್ಮ. ಆ ಬೀರು ಹಿಂದೆ ಮಾತ್ರ ಬೂಷ್ಟು ಇರೋದು ಹೌದು. ಅದಕ್ಕೆ ದೂರು ಕೊಡೋದಾದ್ರೆ ಕೊಡಿ, ಕೂತು ಅಭ್ಯಾಸ ಆಗಿದೆ" ಎಂದರು. ಅದು ನನಗೆ ಬೆಳಿಗ್ಗೆಯೇ ಗೊತ್ತಿತ್ತು ಎಂದು ಹೇಳಿದೆ.

ರಕ್ಷಾ ವಯಸ್ಸಿಗೆ ಬಂದವಳು, ನೀರಿಗಿಳಿಯುವುದು ಬಿಡುವುದು ಅವಳ ಹಕ್ಕು ಎಂದು ಬೆಳ್ಳಪ್ಪ ಅವರು ನನಗೆ ತಿಳಿಹೇಳಿದರು. ಹಕ್ಕು ಅವಳದೇ ಎಂದು ಒಪ್ಪಿದೆ. ಸುಳ್ಳು ಕಾಗದ ನೋಡಿಯೂ ಸುಮ್ಮನಿರುವ ಹಕ್ಕು ನನಗಿಲ್ಲ ಎಂದೆ. 4 ಗಂಟೆ 12ಕ್ಕೆ ಆ ಕಾಗದದಲ್ಲಿದ್ದ ನಂಬರಿಗೆ ನನ್ನ ಫೋನಿನಿಂದ ಕರೆ ಮಾಡಿದೆ. ನೀರಿನಲ್ಲಿ ಕರೆದೊಯ್ಯುವ ತರಬೇತುದಾರರು ಮಾತಾಡಿದರು, ಹೆಸರು ನಿಶಾಂತ್ ಎಂದರು. ಅವಳಿಗೆ ಉಬ್ಬಸವಿದೆ, ಕಾಗದದಲ್ಲಿ ಬರೆದದ್ದು ಸುಳ್ಳು, ಇಂದು ಮಧ್ಯಾಹ್ನ ಎದೆಯಲ್ಲಿ ಸಿಳ್ಳೆ ಇತ್ತು ಎಂದು ಮೂರೂ ವಿಷಯ ತಿಳಿಸಿದೆ. ಅವರು, ಒಂದು ತಿಂಗಳಿಂದ ದಿನಾ ಮೆಸೇಜ್ ಮಾಡಿ ಯಾವ ಮೀನು ಯಾವ ಬಂಡೆಯ ಹತ್ತಿರ ಇರುತ್ತದೆ ಎಂದು ಕೇಳುತ್ತಿದ್ದ ಹುಡುಗಿ ಅವರೇನಾ ಎಂದು ವಿಚಾರಿಸಿದರು. ಹೌದೆಂದೆ. ಈ ಸಲ ಆಗುವುದಿಲ್ಲ, ತಜ್ಞ ವೈದ್ಯರು ಪರೀಕ್ಷೆ ಮಾಡಿ ಬರೆದುಕೊಟ್ಟರೆ ಮುಂದೆ ನೋಡೋಣ ಎಂದರು. ಪಟ್ಟಿಯಿಂದ ಅವಳ ಹೆಸರು ತೆಗೆದು, ಉಳಿದ ಹೆಸರುಗಳನ್ನು ಓದಿ ಹೇಳುವವರೆಗೆ ನಾನು ಫೋನ್ ಇಡಲಿಲ್ಲ.

ರಕ್ಷಾ ಪಕ್ಕದಲ್ಲೇ ನಿಂತು ಕೇಳಿದಳು. "ಇನ್ನು ನಾನು ನಿಮ್ಮ ಜೊತೆ ಮಾತಾಡಲ್ಲ" ಎಂದಳು. "ಮಾತಾಡೋದು ಬೇಡ, ಉಸಿರಾಡು" ಎಂದು ನಾನು ಹೇಳಿದೆ. ನನ್ನ ಪಕ್ಕದಲ್ಲಿ ಕೂರಲು ಅವಳಿಗೆ ಮನಸ್ಸಿಲ್ಲವೆಂದು ತಿಳಿದು, 4 ಗಂಟೆ 35ಕ್ಕೆ ಅವಳೊಬ್ಬಳನ್ನೇ ಕಾರಿನಲ್ಲಿ ದುರ್ಗೇಶನ ಜೊತೆ ತೀರ್ಥಹಳ್ಳಿಯ ಡಾಕ್ಟರಲ್ಲಿಗೆ ಕಳಿಸಿದ್ದೇನೆ. ನಾನು ಬಸ್ಸಿನಲ್ಲಿ ಹೋಗುತ್ತೇನೆ.

ರಾಜೇಂದ್ರ ಅವರ ಮೇಲಿನ ನನ್ನ ದೂರನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆದಿದ್ದೇನೆ. ಇದನ್ನು ಆಶಾ ಅವರು ಓದಿ ಹೇಳಿದರು, ನಂತರ ನಾನೂ ಒಂದು ಸಲ ಓದಿಕೊಂಡೆ. ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದು ನಡೆದ ಹಾಗೆಯೇ ಇದೆ.

ಸ್ಥಳ: ನಗರ, ಹೊಸನಗರ ತಾಲ್ಲೂಕು
ದಿನಾಂಕ: 21.11.2025, ಸಂಜೆ 5 ಗಂಟೆ 5 ನಿಮಿಷ
(ರುಜು) ಎಂ. ವಿಶಾಲಮ್ಮ