ಥರ್ಮನ್ ಮನೆಯ ಜನಗಣತಿ

…ಬೇಡ, ಬೇಡ, ಕುರ್ಚಿ ತರಬೇಡ. ಈ ಮೆಟ್ಟಿಲ ಮೇಲೇ ಕೂತ್ಕೋತೀನಿ. ಕುರ್ಚಿ ಕೊಟ್ಟೆ ಅಂತ ಗೊತ್ತಾದ್ರೆ ನಿಮ್ಮ ಚರ್ಚಿನೋರು ಸಭೆ ಸೇರ್ತಾರೆ, ಥರ್ಮನ್ ಅವನಕ್ಕ ಅರ್ಲೀನ್‌ಗೆ ಮರ್ಯಾದೆ ಮಾಡಿದ ಅಂತ! ಮಾತೂ ಆಡಬೇಡ. ಒಂಬತ್ತು ವರ್ಷದಿಂದ ಬಾಯಿ ಹೊಲ್ಕೊಂಡಿದ್ದೀಯ, ಇವತ್ಯಾಕೆ ಬಿಚ್ಚೋದು? ನೀನು ಕಾಳು ಬಿಡಿಸ್ತಾ ಇರು. ನಾನು ಬಂದಿರೋದು ಸರ್ಕಾರಿ ಕೆಲಸಕ್ಕೆ. ನೋಡು, ಕೊರಳಲ್ಲಿ ಬಿಲ್ಲೆ. ಜನಗಣತಿ! ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದೋಳು, ಟಿಲ್‌ಮೋರ್ ಕೌಂಟಿಯ ನಾಯಿಗಳೆಲ್ಲ ಗುರುತು ಹಿಡೀತಾವೆ ಅಂತ ನನಗೇ ಕೊಟ್ರು.

ಹೂಂ, ಬರ್ಕೋತೀನಿ. ಏಪ್ರಿಲ್ ಒಂದನೇ ತಾರೀಖು ಈ ಮನೇಲಿ ಎಷ್ಟು ಜನ ಇದ್ರಿ?

ಒಂದು ಬೆರಳು. ಸರಿ, ಒಬ್ಬ. ಆ ಬೆರಳಲ್ಲಿ ಬೈದಿದ್ದಲ್ಲ ತಾನೆ?

ಜನಾಂಗ… ಕೇಳಲೇಬೇಕಂತೆ ಕಣೋ, ಹಾಗೆ ನೋಡಬೇಡ. ಒಂದೇ ಹೊಟ್ಟೇಲಿ ಹುಟ್ಟಿದ್ದೀವಿ, ಆದ್ರೂ ಕೇಳಬೇಕು. ಕಪ್ಪು, ಬರ್ಕೊಂಡೆ. ನಿನ್ನೆ ಆ ಬಿಳಿ ಮುದುಕಿ, ಪ್ರೂಯಿಟ್ ಮನೆಯೋಳು, ಒಂದು ಗಂಟೆ ಕೂರಿಸ್ಕೊಂಡ್ಳು. ಅವಳ ಮುತ್ತಜ್ಜಿ ಚೆರೋಕಿ ಬುಡಕಟ್ಟಿನ ರಾಜಕುಮಾರಿಯಂತೆ! ಈ ಕೌಂಟೀಲಿ ಬಿಳಿಯರ ಮುತ್ತಜ್ಜಿಯರೆಲ್ಲ ರಾಜಕುಮಾರಿಯರೇ. ಹತ್ತಿ ಬಿಡಿಸಿದೋಳು ಒಬ್ಬಳೂ ಇಲ್ಲ. ಅದೆಲ್ಲ ನಮ್ಮವರೇ ಮಾಡಿದ್ದು.

ಯಾಕೆ ನಗ್ತೀಯ? ನೀನು ನಕ್ಕೆ! ನಾನು ನೋಡಿದೆ! ಕೆಮ್ಮಬೇಡ ಸುಮ್ನೆ.

ಇನ್ನೊಂದು ಕೇಳು. ನಮ್ಮ ಜನಸಂಖ್ಯೆ ಏರಿದೆ ಅಂತ ಕಮಿಷನರ್ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದಾನೆ. ಏರಿರೋದೆಲ್ಲಿ? ಜೈಲಲ್ಲಿ! ಎಲ್ಲೆಲ್ಲಿಂದಲೋ ತಂದು ಹಾಕಿರೋ ಸಾವಿರದ ನಾನೂರು ಕೈದಿಗಳು, ನಮ್ಮೂರ ರಸ್ತೇನೂ ಕಂಡಿಲ್ಲ ಪಾಪ, ಅವರೂ ಟಿಲ್‌ಮೋರ್‌ನೋರು! ಉಳಿದವರೆಲ್ಲ ನಿನ್ನ ನನ್ನ ಹಾಗೆ ಮಂಡಿ ನೋವಿನ ಗಿರಾಕಿಗಳು. ಮಕ್ಕಳ ಅಳು ಕೇಳಿಸೋದು ಅಂದ್ರೆ ಕೋಳಿ ಕಾರ್ಖಾನೆ ಹಿಂದೆ, ಕೆಲಸಕ್ಕೆ ವಲಸೆ ಬಂದ ಆ ಗ್ವಾಟೆಮಾಲದೋರ ಟ್ರೈಲರ್ ಮನೆಗಳಲ್ಲಿ ಮಾತ್ರ. ಎಷ್ಟು ಜನ ಅಂದ್ರೆ, ಎಲ್ಲಿ ಹಿಡಿದು ದೇಶ ಬಿಡಿಸ್ತಾರೋ ಅನ್ನೋ ಭಯಕ್ಕೆ ನಾಲ್ಕು ಅಂದ್ರು. ಬಾಗಿಲ ಹತ್ರ ಹನ್ನೊಂದು ಜೊತೆ ಚಪ್ಪಲಿ. ನಾನೂ ಒಳಗೆ ಹೋಗಿ ಕೂತೆ. ಕೊಟ್ಟಿದ್ದು ತಿಂದೆ. ಹೊರಡೋ ಹೊತ್ತಿಗೆ ಹನ್ನೊಂದೂ ಜನ ಹೆಸರು ಹೇಳಿದ್ರು.

ಚರ್ಚುಗಳು? ಅದನ್ನ ಫಾರಂ ಕೇಳಲ್ಲ, ನಾನೇ ಎಣಿಸಿದೆ. ಅರವತ್ತೊಂದು. ನಿಮ್ಮದು, ನಮ್ಮದು ಎರಡೂ ಸೇರಿ. ಆರಾಧನೇಲಿ ಬಾರಿಸೋ ಒಂದು ಡ್ರಮ್ಮಿಗೋಸ್ಕರ ಸಿಯಾನ್ ಚರ್ಚು ಒಡೆದು ಹೊಸ ಸಿಯಾನ್ ಆಯ್ತು ಅಂದ್ರೆ ದೇವರೂ ನಗ್ತಾನೆ. ನೀನು ಡೀಕನ್ನು, ಚರ್ಚಿನ ಹಿರಿಯ, ಡ್ರಮ್ ಸೈತಾನಂದು ಅಂದೆ. ನಾನು ಹಾಡೋಳು, ಡ್ರಮ್ ಇದ್ದ ಕಡೆ ಹೋದೆ… ಅವ್ವನ್ನ ಮಣ್ಣು ಮಾಡೋ ದಿನವೂ ಡ್ರಮ್ ಬೇಡ ಅಂದ್ರಲ್ಲ ನಿಮ್ಮ ಪಾದ್ರಿ, ನಾನು ಅರ್ಧಕ್ಕೇ ಎದ್ದು ಹೋದೆ. ಹೌದು. ಹೋದೆ. ಅವ್ವನ ಪೆಟ್ಟಿಗೆ ಮುಂದಿಂದ ಎದ್ದು ಹೋದೆ. ನೀನು ಮಾತು ಬಿಟ್ಟಿದ್ದು ತಪ್ಪು ಅಂತ ನಾನೇನು ಹೇಳಿದ್ನಾ?

ನನ್ನ ಮನೆದಾ? ನನ್ನ ಮನೇದೂ ಬರೆದೆ, ಯಾಕೆ ಬರೀಬಾರ್ದು. ಹಾಲಿಸ್ ತೀರಿಹೋಗಿದ್ದು ಮಾರ್ಚ್ ಇಪ್ಪತ್ತೊಂದಕ್ಕೆ. ಇವರ ಲೆಕ್ಕ ಏಪ್ರಿಲ್ ಒಂದಕ್ಕೆ. ಹನ್ನೊಂದು ದಿನ ಕಣೋ! ಹನ್ನೊಂದೇ ದಿನ ತಡ್ಕೊಂಡಿದ್ರೆ ಅವನೂ ಲೆಕ್ಕಕ್ಕೆ ಬರ್ತಿದ್ದ. ಎಲ್ಲಿಗೆ ಹೋಗೋಕೂ ಒಂದು ಗಂಟೆ ತಡ ಮಾಡೋ ನನ್ನ ಗಂಡ, ಅದೊಂದಕ್ಕೆ ಮಾತ್ರ ಎಷ್ಟು ಅವಸರ ಅವನಿಗೆ! ಆ ಖಾನೇಲಿ ‘ಒಂದು’ ಅಂತ ಬರೆಯೋಕೆ… ನಾನು ಊರಿಗೆಲ್ಲ ಬರೆದು ಕೊಟ್ಟೋಳು… ಮಧ್ಯಾಹ್ನ ಪೂರ್ತಿ ಹಿಡೀತು.

ಅಯ್ಯೋ, ಧೂಳು, ಕಣ್ಣಿಗೆ. ನಿಮ್ಮ ರಸ್ತೆಗೆ ಡಾಂಬರು ಯಾವಾಗ ಹಾಕ್ತಾರೋ.

ಏನು? ಯಾಕೆ ಕೈ ಚಾಚ್ತೀಯ? ನಾನು ಹೋಗಬೇಕಾದ ಮನೆಗಳ ಪಟ್ಟಿನಾ? ಅದು ಸರ್ಕಾರದ್ದಪ್ಪ, ಯಾರಿಗೂ ತೋರಿಸೋ ಹಾಗಿಲ್ಲ, ಪ್ರಮಾಣ ಮಾಡಿಸಿದ್ದಾರೆ… ಹಾಗೇ ಚಾಚ್ಕೊಂಡು ಕೂತಿರ್ತೀಯಾ? ಕೈ ನೋಯತ್ತೆ, ಥರ್ಮನ್. …ತಗೋ. ನೋಡು.

ಇಲ್ಲ ಅಲ್ವಾ ನಿನ್ನ ಮನೆ? ಇರಲ್ಲ. ಫಾರಂ ಕಳಿಸದವರ ಬಾಗಿಲಿಗೆ ಮಾತ್ರ ನಾವು ಹೋಗೋದು. ನೀನು ಅಂಚೆಗೆ ಹಾಕಿ ಎರಡು ತಿಂಗಳಾಯ್ತು. ನನ್ನ ಇಲ್ಲಿಗೆ ಯಾರೂ ಕಳಿಸ್ಲಿಲ್ಲ.

ಬೈಯೋ. ಏನಾದ್ರೂ ಅನ್ನು.

ಹಾಲಿಸ್‌ನ ಮಣ್ಣು ಮಾಡಿದ ದಿನ… ನಮ್ಮ ಚರ್ಚಿನ ಎದುರು, ರಸ್ತೆಯಾಚೆ, ಟೋಪಿ ತೆಗೆದು ಬಿಸಿಲಲ್ಲಿ ನಿಂತಿದ್ಯಲ್ಲ. ‘ನಿನ್ನ ತಮ್ಮ ಬಂದಿದ್ನಾ?’ ಅಂತ ಕೇಳಿದವರಿಗೆಲ್ಲ ನಾನು ನೋಡ್ಲಿಲ್ಲಪ್ಪ ಅಂದೆ. ಸುಳ್ಳು. ಕಿಟಕೀಲಿ ನೋಡಿದೆ ಕಣೋ. ಎರಡು ಗಂಟೆ ಹೊತ್ತು ನಿಂತಿದ್ದೆ ನೀನು. ಒಳಗೆ ಕರ್ಕೊಂಡು ಬನ್ನಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಅನ್ನಲಿಲ್ಲ. ಪರದೆ ಎಳೆದೆ.

ಅದನ್ನ ಹೇಳೋಕೆ ಬಂದೆ. ನಿನಗೆ ಗೊತ್ತಿರಲಿ ಅಂತ.

…ಕೈಲಿ ಏನು ತೋರಿಸ್ತೀಯ, ಪರದೆ ಎಳೆಯೋ ಹಾಗೆ? ತಲೆ ಎತ್ತೋ. ಇಲ್ಲಿ ನೋಡು. ಥರ್ಮನ್?

ಓ.

ಪರದೆ ಎಳೆದದ್ದನ್ನ ನೀನು ನೋಡಿದ್ದೆ. ನೋಡಿಯೂ ನಿಂತಿದ್ದೆ.