ಒಣ ಬೇರಿಂಗು

ದೀಪ ಆರಿಸಬೇಡಿ. ನನಗೇನೂ ಭಯವಿಲ್ಲ, ನನ್ನನ್ನು ಕಂಡರೆ ದೆವ್ವಗಳೇ ಆಚೆ ಬೀದಿ ಹಿಡಿಯುತ್ತವೆ; ನಿಮಗೋಸ್ಕರ ಹೇಳಿದೆ. ಇದು ನಡೆದದ್ದು ನನ್ನ ದೊಡ್ಡಮ್ಮನ ಮಗನಿಗೆ. ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಅವನು.

ಅವತ್ತು ರಾತ್ರಿ ಕೆಲಸ ಮುಗಿಸಿ, ಫ್ಯಾಕ್ಟರಿ ಹಿಂದಿನ ಹಾಳು ಬಾವಿಯ ಪಕ್ಕದಿಂದ ಮನೆಗೆ ಹೊರಟಿದ್ದ. ಹೊಟ್ಟೆಯೊಳಗೆ ಕೆಂಡ. ಅವನಿಗಿಂತ ಮುಂಚೆ ಅಲ್ಲಿದ್ದ ಕಿವಿ ಮೇಸ್ತ್ರಿ ಸತ್ತು ವರ್ಷವಾದರೂ ಎಲ್ಲರ ಬಾಯಲ್ಲೂ ಅವರದೇ ಹೆಸರು. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ, ಒಳಗೆ ಯಾವ ಬೇರಿಂಗ್ ನರಳುತ್ತಿದೆ ಅಂತ ಹೇಳುತ್ತಿದ್ದರಂತೆ. ಮನೆಗೆ ಹೋದರೆ ಹೆಂಡತಿಯೂ ಮೇಸ್ತ್ರಿ ಇದ್ದಾಗ ಇಂಜಿನ್ ಎಷ್ಟು ಮೆತ್ತಗೆ ಓಡ್ತಿತ್ತು ಅನ್ನುವವಳೇ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡೋದು ಎಷ್ಟು ಕಷ್ಟ ಗೊತ್ತೇ? ಜಗಳಕ್ಕೂ ಕೈಗೆ ಸಿಗೋದಿಲ್ಲ.

ಹೊಸ ಬೇರಿಂಗ್ ಕೂರಿಸಿ ಆಗಿತ್ತು. ಬೆಳಿಗ್ಗೆ ಸಾಹುಕಾರರ ಮುಂದೆ ಸ್ಟಾರ್ಟ್ ಮಾಡಬೇಕು. ಕೆಟ್ಟರೆ ಕೆಲಸ ಹೋದಂತೆಯೇ. ಮೇಸ್ತ್ರಿಯಾಗಿದ್ದರೆ ಮೊದಲು ಇಂಜಿನ್ನಿನ ದೊಡ್ಡ ಚಕ್ರವನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ, ಬೇರಿಂಗಿಗೆಲ್ಲ ಆಯಿಲ್ ತಲುಪಿ ಮೀಟರಿನ ಮುಳ್ಳು ಅಲುಗುವ ತನಕ ಬಿಡುತ್ತಿರಲಿಲ್ಲ. ಒಣಗಿದ್ದಾಗಲೇ ಓಡಿಸಿದರೆ ಲೋಹಕ್ಕೆ ಲೋಹ ಉಜ್ಜಿ, ಬೇರಿಂಗ್ ಕರಗಿ, ತನ್ನೊಳಗೆ ತಿರುಗುವ ಶಾಫ್ಟನ್ನೇ ಕಚ್ಚಿಕೊಂಡುಬಿಡುತ್ತೆ. ಇವನಿಗೂ ಅದು ಗೊತ್ತು. ಆದರೆ ಅವರು ಮಾಡಿದ್ದನ್ನು ನಾನ್ಯಾಕೆ ಮಾಡಲಿ ಅಂತ ಹಟ.

ಬಾವಿ ದಾಟಿದ… ಹಿಂದಿನಿಂದ ಸದ್ದು.

ಟಕ್… ಸರ್‍ರ್… ಟಕ್… ಸರ್‍ರ್…

ಇಂಜಿನ್ ಓಡುವ ಸದ್ದಲ್ಲ. ಚಕ್ರವನ್ನು ಯಾರೋ ಕೈಯಲ್ಲಿ ತಿರುಗಿಸುವ ಸದ್ದು. ಇಂಜಿನ್ ಕೋಣೆಯ ಬೀಗದಕೈ ನೋಡಿದರೆ ಇವನ ಜೇಬಿನಲ್ಲೇ ಇದೆ.

ನೀವಾಗಿದ್ದರೆ ಓಡುತ್ತಿದ್ದಿರಿ. ನಾನಾಗಿದ್ದರೆ… ನಾನೂ ಓಡುತ್ತಿದ್ದೆ, ಆದರೆ ಗತ್ತಿನಿಂದ. ಇವನಿಗೆ ಭಯಕ್ಕಿಂತ ಮೊದಲು ಮತ್ಸರ ಬಂತು. ನನ್ನ ಇಂಜಿನ್ ಮುಟ್ಟೋರು ಯಾರು?

ವಾಪಸ್ ಬಂದು ಬೀಗ ತೆಗೆದ. ಮಬ್ಬುಗತ್ತಲಲ್ಲಿ ಚಕ್ರ ತನ್ನಷ್ಟಕ್ಕೆ ತಾನು ನಿಧಾನವಾಗಿ ತಿರುಗುತ್ತಿತ್ತು. ಅದರಾಚೆಯಿಂದ ಪಿಸುಮಾತು.

"ಇನ್ನೂ ಒಣಗಿದೆ ಕಣೋ…"

"ಬಿಡಿ ಮೇಸ್ತ್ರಿ. ಇದು ಈಗ ನನ್ನ ಇಂಜಿನ್ನು."

"ಹಾಗಾದ್ರೆ… ನೀನೇ ತಿರುಗಿಸು."

ಚಕ್ರ ನಿಂತಿತು. ಇವನು ಎರಡೂ ಕೈಯಲ್ಲಿ ಹಿಡಿದ. ರಟ್ಟೆ ಬಿದ್ದುಹೋಗುವ ಹಾಗೆ ತಿರುಗಿಸಿದ. ಭಕ್ತಿಯಿಂದಲ್ಲ, ಆ ಚಕ್ರವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಾರದು ಅಂತ. ಕೊನೆಗೆ ಮುಳ್ಳು ಅಲುಗಿತು.

ಬೆಳಿಗ್ಗೆ ಇಂಜಿನ್ ಬೆಣ್ಣೆ ಸವರಿದ ಹಾಗೆ ಓಡಿತು. ಸಾಹುಕಾರರು ಕಣ್ಣೊರೆಸಿಕೊಂಡು, "ಥೇಟ್ ಮೇಸ್ತ್ರಿ ಕೈ ಕಣಯ್ಯ" ಅಂದರು. ಕೆಲಸ ಉಳಿಯಿತು. ಹೊಟ್ಟೆಕಿಚ್ಚೂ ಉಳಿಯಿತು.

ಮಧ್ಯಾಹ್ನ ನಾನು ಐಸ್ ತರಲು ಹೋದಾಗ ಇಂಜಿನ್ ನಿಲ್ಲಿಸಿ ಒರೆಸುತ್ತಿದ್ದ. ನನ್ನನ್ನು ಕರೆದು ತೋರಿಸಿದ. ಚಕ್ರಕ್ಕೂ ಗೋಡೆಗೂ ನಡುವೆ ಒಂದು ಕೈ ತೂರುವಷ್ಟೇ ಸಂದು. ಆ ಸಂದಿನಲ್ಲಿ, ಗೋಡೆಯ ಸುಣ್ಣದ ಮೇಲೆ, ಆಯಿಲ್ ಮೆತ್ತಿದ ಬೆನ್ನಿನ ಗುರುತು… ದಣಿದವರು ಒರಗಿ ನಿಂತ ಹಾಗೆ.

ನಂಬದಿದ್ದರೆ ಬಿಡಿ. ಬೆರಳಿಟ್ಟು ನೋಡಿದವನು ನಾನು. ಇನ್ನೂ ಹಸಿಯಾಗಿತ್ತು.