ಮೇಜರ್ ಪ್ರಾಟ್ಲಿ ಬರೆದ ವರದಿ

ವಾಂಗನೂಯಿ ನದಿಯ ದೋಣಿಕಟ್ಟೆಯಲ್ಲಿ ನಾವು ಸಾಲಾಗಿ ನಿಂತಿದ್ದೆವು. ಸೈನ್ಯ ಬಿಟ್ಟು ಈಗ ಶಾಸನಸಭೆ ಚುನಾವಣೆಗೆ ನಿಂತಿದ್ದ ಮೇಜರ್ ಪ್ರಾಟ್ಲಿ, ನನ್ನ ಮುಂದಿದ್ದ ಮುದುಕಿ ಆಗ್ನೆಸ್ ಟಲಕ್‌ಗೆ ಟೋಪಿ ತೆಗೆದು ವಂದಿಸಿದ. ಹೆಂಗಸರಿಗೆ ಇನ್ನೂ ಓಟಿಲ್ಲದ ಕಾಲ ಅದು.

“ನಿಮ್ಮನೆ ನಾಲ್ಕು ಗಂಡಸರ ಓಟು ನಂಗೇ ತಾನೆ, ಅಮ್ಮ?”

“ನನ್ನ ಮಗ ಯೂಅನ್ ಯುದ್ಧದಲ್ಲಿ ಹೆದರಿ ಓಡಿಹೋದ ಅಂತ ವರದಿ ಬರೆದೋರು ನೀವು.”

“ಹತ್ತು ವರ್ಷದ ಹಳೇ ಮಾತು, ಬಿಡಿ.”

“ಅವನ ಹೆಣ ಸಿಕ್ಕಿದ್ದು ಶತ್ರುಗಳ ಕೋಟೆ ಬಾಗಿಲಲ್ಲಿ. ಓಡಿದ್ದು ಯಾರು?”

“ಸ್ವಲ್ಪ ಮೆಲ್ಲಗೆ ಮಾತಾಡಿ.”

“ಇವತ್ತಿನ ನಿಮ್ಮ ಚುನಾವಣಾ ಸಭೇಲಿ ನಿಜ ಹೇಳಿಬಿಡಿ. ನಾಲ್ಕು ಓಟೂ ನಿಮಗೇ.”

“ಅದನ್ನ ಹೇಳಿದ್ರೆ ಊರಲ್ಲಿ ಇನ್ಯಾರು ನಂಗೆ ಓಟು ಹಾಕ್ತಾರೆ?”

ಮುದುಕಿ ನಮ್ಮ ಕಡೆ ತಿರುಗಿದಳು. “ಎಲ್ರೂ ಕೇಳಿಸ್ಕೊಂಡ್ರಲ್ಲ?”

ಸಾಲಿನಲ್ಲಿದ್ದ ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ಮೇಜರ್ ದೋಣಿಗೆ ಕಾಯದೆ ದಡದ ಮೇಲೆ ನಡೆದುಹೋದ.